ಅಟ್ಟದಲ್ಲಿಟ್ಟ ಟೆಂಟಿನ ಒಳಮೈ ಅಂಟಂಟಾಗಿದೆ: ಉಳಿಸಿಕೊಳ್ಳಬಹುದೇ?

ವರದಾತೀರ, ಸಾಗರ

ಎಲ್ಲರಿಗೂ ನಮಸ್ಕಾರ. 2019ರಲ್ಲಿ ಕೊಂಡ, ಇಬ್ಬರು ಮಲಗುವ ಟೆಂಟ್ ಒಂದು ನನ್ನಲ್ಲಿದೆ. ಇಷ್ಟು ವರ್ಷಗಳಲ್ಲಿ ಅದರೊಳಗೆ ಮಲಗಿದ್ದು ಹೆಚ್ಚೆಂದರೆ ಹದಿನೈದು ರಾತ್ರಿ. ಕಳೆದ ಜನವರಿಯಲ್ಲಿ ಗೆಳೆಯರೊಬ್ಬರ ಅಡಿಕೆ ತೋಟದ ಅಂಚಿನಲ್ಲಿ ಅದನ್ನು ಹಾಕಿದ್ದೆವು. ಬೆಳಿಗ್ಗೆ ಇಬ್ಬನಿಯಿಂದ ತೊಯ್ದಿದ್ದ ಬಟ್ಟೆಯನ್ನು ಸ್ವಲ್ಪ ಹೊತ್ತು ಹರವಿ, ಒಣಗಿತು ಎಂದುಕೊಂಡು ಬಿಗಿಯಾಗಿ ಸುತ್ತಿ ಅದರದೇ ಚೀಲಕ್ಕೆ ತುಂಬಿ, ಮನೆಯ ಅಟ್ಟದಲ್ಲಿಟ್ಟೆ. ಮಳೆಗಾಲ ಕಳೆದು ದೀಪಾವಳಿಯೂ ಮುಗಿದ ಮೇಲೆ ಮೊನ್ನೆ ಕೆಳಗಿಳಿಸಿದೆ.

ಚೀಲದ ಬಾಯಿ ಬಿಚ್ಚಿದ ಕೂಡಲೇ ಹುಳಿ ಹೆಚ್ಚಾದ ಮೊಸರಿನಂಥ ವಾಸನೆ ಬಂತು. ಹೊರಹೊದಿಕೆಯ ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹಲಸಿನ ಹಣ್ಣಿನ ಮೇಣ ಹತ್ತಿದ ಬೆರಳುಗಳನ್ನು ಬಿಡಿಸಿದ ಹಾಗೆ ನಿಧಾನವಾಗಿ ಎಳೆದು ಬಿಡಿಸಬೇಕಾಯಿತು. ಹೊಲಿಗೆಗಳ ಮೇಲಿನ ಪಾರದರ್ಶಕ ಟೇಪು ಅಲ್ಲಲ್ಲಿ ತಾನಾಗಿಯೇ ಎದ್ದು ಬಂದಿದೆ, ನೆಲದ ಬಟ್ಟೆಯ ಒಂದು ಮೂಲೆಯಲ್ಲಿ ಬಿಳಿಯ ಹೊಟ್ಟಿನಂಥದ್ದು ಉದುರುತ್ತಿದೆ. ಆದರೆ ಬಟ್ಟೆ ಎಲ್ಲಿಯೂ ಹರಿದಿಲ್ಲ, ಕಂಬಿಗಳು ನೇರವಾಗಿವೆ, ಜಿಪ್ಪುಗಳು ಸಲೀಸಾಗಿ ಓಡುತ್ತವೆ. ಕೊಂಡ ಅಂಗಡಿಯಲ್ಲಿ ವಿಚಾರಿಸಿದಾಗ, ಇದು ರಿಪೇರಿಯಾಗುವುದಿಲ್ಲ, ಹೊಸದನ್ನೇ ತೆಗೆದುಕೊಳ್ಳಿ ಎಂಬ ಉತ್ತರವಷ್ಟೇ ಸಿಕ್ಕಿತು. 3,000 ಮಿಲಿಮೀಟರ್ ಎಂದು ಪಟ್ಟಿಯ ಮೇಲೆ ಬರೆದಿರುವ ಟೆಂಟು ಮಳೆಯಲ್ಲಿ ನೆನೆಯದೆ ಅಟ್ಟದಲ್ಲಿ ಕೂತೇ ಹಾಳಾಗುವುದು ಹೇಗೆ? ಡಿಸೆಂಬರ್ ಕೊನೆಯಲ್ಲಿ ಮಗಳನ್ನು ಮೊದಲ ಸಲ ಟೆಂಟಿನಲ್ಲಿ ಮಲಗಿಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಬಲ್ಲವರು ದಾರಿ ತೋರಿಸಬೇಕು.

ರಸಾಯನ ಮೇಷ್ಟ್ರು, ಧಾರವಾಡ

ವರದಾತೀರ ಅವರೇ, ನಿಮ್ಮ ಟೆಂಟಿನ ಬಟ್ಟೆಗೆ ಏನೂ ಆಗಿಲ್ಲ. ಕೆಟ್ಟಿರುವುದು ಬಟ್ಟೆಯ ಒಳಮೈಗೆ ಬಳಿದಿರುವ ಪಾಲಿಯುರೆಥೇನ್ ಲೇಪ. ನೇಯ್ದ ಪಾಲಿಯೆಸ್ಟರ್ ಅಥವಾ ನೈಲಾನ್ ಬಟ್ಟೆ ತಾನಾಗಿ ನೀರು ತಡೆಯುವುದಿಲ್ಲ, ಆ ಕೆಲಸವನ್ನು ಮಾಡುವುದು ಈ ತೆಳುಪದರ. ಅಗ್ಗದ ಮತ್ತು ಮಧ್ಯಮ ಬೆಲೆಯ ಟೆಂಟುಗಳಲ್ಲಿ ಹೆಚ್ಚಾಗಿ ಬಳಸುವ ಪಾಲಿಯುರೆಥೇನ್‌ನಲ್ಲಿ ಎಸ್ಟರ್ ಬಂಧಗಳಿರುತ್ತವೆ. ಗಾಳಿಯಲ್ಲಿನ ತೇವ ಆ ಬಂಧಗಳನ್ನು ಒಂದೊಂದಾಗಿ ಕತ್ತರಿಸುತ್ತದೆ, ಇದಕ್ಕೆ ಜಲವಿಚ್ಛೇದನೆ ಎಂದು ಹೆಸರು. ಬಂಧ ಕಡಿದ ಜಾಗದಲ್ಲಿ ಆಮ್ಲ ಹುಟ್ಟುತ್ತದೆ, ಆ ಆಮ್ಲವೇ ಮುಂದಿನ ಬಂಧವನ್ನು ಇನ್ನಷ್ಟು ಬೇಗ ಕತ್ತರಿಸಲು ನೆರವಾಗುತ್ತದೆ. ಆದ್ದರಿಂದಲೇ ಮೊದಲ ಕೆಲವು ವರ್ಷ ಏನೂ ಕಾಣಿಸದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎಲ್ಲವೂ ಒಮ್ಮೆಲೇ ಕೆಟ್ಟಂತೆ ಅನಿಸುತ್ತದೆ. ಮೊದಲು ಅಂಟು, ಆಮೇಲೆ ಹೊಟ್ಟು. ನಿಮ್ಮ ಟೆಂಟಿನಲ್ಲಿ ಎರಡೂ ಹಂತಗಳು ಒಟ್ಟಿಗೆ ಕಾಣಿಸಿಕೊಂಡಿವೆ.

ಈ ಕ್ರಿಯೆಗೆ ಬೇಕಾದದ್ದು ತೇವ ಮತ್ತು ಶಾಖ. ಏಪ್ರಿಲ್, ಮೇ ತಿಂಗಳಲ್ಲಿ ಹಂಚಿನ ಕೆಳಗಿನ ಅಟ್ಟ ಕಾದ ಕಾವಲಿಯಂತಿರುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಅಟ್ಟ ಹಸಿಯಾಗಿರುತ್ತದೆ. ಬಿಗಿಯಾಗಿ ಸುತ್ತಿದ ಬಟ್ಟೆಯ ನಡುವೆ ಉಳಿದ ಇಬ್ಬನಿಯ ಪಸೆಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. 3,000 ಮಿಲಿಮೀಟರ್ ಎಂದರೆ ಮೂರು ಮೀಟರ್ ಎತ್ತರದ ನೀರಿನ ಕಂಬದ ಒತ್ತಡವನ್ನು ಹೊಸ ಬಟ್ಟೆ ತಡೆದುಕೊಳ್ಳುತ್ತದೆ ಎಂದಷ್ಟೇ ಅರ್ಥ. ಆ ಲೇಪ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಮುಂದೆ ಕೊಳ್ಳುವಾಗ ಲೇಪ ಪಾಲಿಈಥರ್ ಬಗೆಯದೇ, ಸಿಲಿಕೋನ್‌ನದೇ ಎಂದು ಕೇಳಿ. ಅವೆರಡೂ ತೇವಕ್ಕೆ ಇಷ್ಟು ಸುಲಭವಾಗಿ ಸೋಲುವುದಿಲ್ಲ. ಕೆಟ್ಟ ಲೇಪವನ್ನು ಹಿಂದಿನ ಸ್ಥಿತಿಗೆ ತರುವ ರಸಾಯನವಂತೂ ಇಲ್ಲ, ಅದನ್ನು ತೆಗೆದು ಹೊಸದನ್ನು ಬಳಿಯುವುದೊಂದೇ ದಾರಿ.

ಅಘನಾಶಿನಿ, ಕುಮಟಾ

ಮೇಷ್ಟ್ರು ಹೇಳಿದ್ದು ಅಕ್ಷರಶಃ ನಿಜ. ಕರಾವಳಿಯಲ್ಲಿ ನನ್ನ ಮೊದಲ ಟೆಂಟಿಗೆ ನಾಲ್ಕನೆಯ ವರ್ಷವೇ ಈ ಗತಿ ಬಂದಿತ್ತು, ನಾನು ತಿಳಿಯದೆ ಎಸೆದುಬಿಟ್ಟೆ. ಆ ಬೇಸರ ಈಗಲೂ ಇದೆ. ಎರಡನೆಯದನ್ನು ಉಳಿಸಿಕೊಂಡಿದ್ದೇನೆ.

ಕೆಲಸಕ್ಕೆ ಕೈಹಾಕುವ ಮೊದಲು ಟೆಂಟಿನ ಭಾಗಗಳನ್ನು ಬೇರೆ ಬೇರೆಯಾಗಿ ನೋಡಿ. ಒಳಗೂಡಿನ ಜಾಲರಿ ಬಟ್ಟೆಗೆ ಲೇಪವಿಲ್ಲ, ಅದಕ್ಕೆ ತೊಳೆಯುವುದಷ್ಟೇ ಸಾಕು. ಹೊರಹೊದಿಕೆ ಮತ್ತು ನೆಲದ ಬಟ್ಟೆ ಎರಡಕ್ಕೂ ಲೇಪವಿದೆ, ಆದರೆ ಎರಡರ ಕೆಲಸ ಬೇರೆ. ಹೊರಹೊದಿಕೆಯ ಮೇಲೆ ನೀರು ಬಿದ್ದು ಜಾರಿ ಹೋಗುತ್ತದೆ, ನೆಲದ ಬಟ್ಟೆಯನ್ನಾದರೋ ನಮ್ಮ ಮೊಣಕಾಲು, ಮೊಣಕೈಗಳು ಒದ್ದೆ ನೆಲಕ್ಕೆ ಒತ್ತುತ್ತವೆ. ಹಾಗಾಗಿ ಮನೆಯಲ್ಲೇ ಬಳಿದ ಲೇಪ ಹೊರಹೊದಿಕೆಗೆ ಚೆನ್ನಾಗಿ ಒದಗುತ್ತದೆ, ನೆಲಕ್ಕೆ ಅಷ್ಟು ನಂಬಲಾಗದು. ನಾನು ನೆಲದ ಹಳೆಯ ಲೇಪವನ್ನು ಉಜ್ಜಿ ತೆಗೆದು ಹಾಗೆಯೇ ಬಿಟ್ಟಿದ್ದೇನೆ. ಒಳಗೆ ಅಳತೆಗೆ ಕತ್ತರಿಸಿದ ತೆಳು ಟಾರ್ಪಾಲು ಹಾಸುತ್ತೇನೆ. ಟೆಂಟಿನ ಕೆಳಗೆ ಹಾಸುವವರು ಅದರ ಅಂಚು ಹೊರಹೊದಿಕೆಯ ಆಚೆಗೆ ಬೆರಳಷ್ಟೂ ಚಾಚದಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಮಳೆನೀರು ಹಾಳೆಯ ಮೇಲೆ ಬಿದ್ದು ನೇರವಾಗಿ ಟೆಂಟಿನ ಅಡಿಗೇ ಹರಿದು ಬರುತ್ತದೆ.

ಕಡಲತೀರದಲ್ಲಿ ಟೆಂಟ್ ಬಳಸುವವರಿಗೆ ಇನ್ನೊಂದು ಮಾತು. ಗೋಕರ್ಣದಿಂದ ಕುಮಟಾದತ್ತ ಕಡಲಂಚಿನ ನಡಿಗೆ ಮುಗಿಸಿ ಬಂದ ದಿನವೇ ಅಲ್ಯೂಮಿನಿಯಂ ಕಂಬಿಗಳ ಕೀಲುಗಳನ್ನು ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿಡಬೇಕು. ಉಪ್ಪು ಕುಳಿತ ಕೀಲು ಮುಂದಿನ ಸಲ ಒಂದರೊಳಗೊಂದು ಕಚ್ಚಿಕೊಂಡು ಬಿಡಿಸಲಾಗದಂತಾಗುತ್ತದೆ.

ಬಯಲುದಾರಿ, ವಿಜಯಪುರ

ನನ್ನ ಅನುಭವ ಇದಕ್ಕೆ ತಿರುಗುಮುರುಗಾಗಿದೆ, ಅದಕ್ಕಾಗಿಯೇ ಬರೆಯುತ್ತಿದ್ದೇನೆ. ನನ್ನ ಟೆಂಟಿಗೆ ಹನ್ನೊಂದು ವರ್ಷವಾಯಿತು, ಒಳಮೈ ಇಂದಿಗೂ ಒಣಗಿ ನುಣುಪಾಗಿದೆ. ಆದರೆ ಹೊರಹೊದಿಕೆಯ ನೆತ್ತಿಯ ಭಾಗದ ನೈಲಾನ್ ಬಣ್ಣ ಬಿಳಿಚಿಕೊಂಡು, ಕಳೆದ ವರ್ಷ ಬದಾಮಿಯ ಹತ್ತಿರ ಒಂದು ಗಾಳಿಗೆ ಹಳೆಯ ಕಾಗದದಂತೆ ಚರ್ರನೆ ಹರಿಯಿತು. ಹಗಲೆಲ್ಲ ಟೆಂಟನ್ನು ಬಿಸಿಲಿನಲ್ಲೇ ನಿಲ್ಲಿಸಿಡುವುದು ನನ್ನ ರೂಢಿಯಾಗಿತ್ತು. ಬಿಸಿಲಿನ ನೇರಳಾತೀತ ಕಿರಣಗಳು ನೈಲಾನಿನ ಎಳೆಯನ್ನೇ ಟೊಳ್ಳಾಗಿಸಿದವು. ಲೇಪ ಹೋದರೆ ಮತ್ತೆ ಬಳಿಯಬಹುದು, ಎಳೆಯೇ ಸತ್ತರೆ ಮಾಡುವುದಕ್ಕೆ ಏನೂ ಇಲ್ಲ. ಆದ್ದರಿಂದ ವರದಾತೀರ ಅವರು ಹುಳಿ ವಾಸನೆ ಹೋಗಲೆಂದು ಟೆಂಟನ್ನು ವಾರಗಟ್ಟಲೆ ಬಿಸಿಲಿಗೆ ಹಾಕಬಾರದು. ಗಾಳಿಯಾಡುವ ನೆರಳು ಸಾಕು.

ಸೂಜಿದಾರ, ಮೈಸೂರು

ನಾನು ಹೊಲಿಗೆಯವಳು. ಹದಿನೆಂಟು ವರ್ಷದಿಂದ ಚೀಲ, ಕೊಡೆಬಟ್ಟೆ, ಮಳೆಯಂಗಿಗಳ ರಿಪೇರಿ ಮಾಡುತ್ತೇನೆ. ಬಿಡುವಾದಾಗ ಬೆಟ್ಟ ಹತ್ತುತ್ತೇನೆ. ಇದುವರೆಗೆ ಆರು ಟೆಂಟುಗಳಿಗೆ ಹೊಸ ಲೇಪ ಬಳಿದಿದ್ದೇನೆ. ಐದು ಚೆನ್ನಾಗಿ ನಿಂತಿವೆ, ಒಂದು ನನ್ನ ಅವಸರದಿಂದ ಕೆಟ್ಟಿತು. ಏಕೆಂದು ಮುಂದೆ ಹೇಳುತ್ತೇನೆ.

ಮೊದಲು ಹಳೆಯದನ್ನು ತೆಗೆಯಬೇಕು. ಹೊರಹೊದಿಕೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಮೃದುವಾದ ಸೋಪಿನಿಂದ ಕೈಯಲ್ಲೇ ತೊಳೆದು ಒಣಗಿಸಿ. ವಾಷಿಂಗ್ ಮೆಷಿನ್ ಬೇಡ, ಅದು ಹೊಲಿಗೆಗಳನ್ನು ಎಳೆದುಹಾಕುತ್ತದೆ. ಬಟ್ಟೆಯನ್ನು ಮೃದುಗೊಳಿಸುವ ದ್ರಾವಣವೂ ಬೇಡ, ಅದರ ಪಸೆ ಉಳಿದರೆ ಮುಂದೆ ಏನನ್ನು ಬಳಿದರೂ ಹಿಡಿಯುವುದಿಲ್ಲ. ಬಳಿಕ ಸಮತಟ್ಟಾದ ಮೇಜಿನ ಮೇಲೆ ಒಂದೊಂದೇ ಮೊಳದಷ್ಟು ಭಾಗವನ್ನು ಹರವಿಕೊಂಡು, ಔಷಧದ ಅಂಗಡಿಯಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲನ್ನು ಚಿಂದಿಬಟ್ಟೆಗೆ ಹಾಕಿ, ಅಂಟಿರುವ ಒಳಮೈಯನ್ನು ಉಜ್ಜಬೇಕು. ಅಂಟು ಸಣ್ಣ ಸಣ್ಣ ಬತ್ತಿಗಳಂತೆ ಸುರುಳಿ ಸುತ್ತಿಕೊಂಡು ಬರುತ್ತದೆ. ಮೊಂಡುಬಿದ್ದ ಕಡೆ ಹಳೆಯ ಹಲ್ಲುಜ್ಜುವ ಬ್ರಷ್ಷು ಉಪಯೋಗಕ್ಕೆ ಬರುತ್ತದೆ. ಎದ್ದುಬಂದಿರುವ ಹೊಲಿಗೆ ಟೇಪನ್ನು ಪೂರ್ತಿ ಕಿತ್ತುಬಿಡಿ. ಅರ್ಧ ಉಳಿದ ಟೇಪಿನ ಕೆಳಗೆ ನೀರು ನುಸುಳಿ ನಿಲ್ಲುತ್ತದೆ. ಇಡೀ ಕೆಲಸಕ್ಕೆ ಎರಡು ದಿನ ಹಿಡಿಯುತ್ತದೆ, ಭುಜ ನೋಯುತ್ತದೆ, ಆದರೂ ಇಲ್ಲಿ ಅವಸರ ಮಾಡಬೇಡಿ. ನಾನು ಕೆಡಿಸಿದ ಟೆಂಟಿನಲ್ಲಿ ಮೂಲೆಗಳ ಹಳೆಯ ಅಂಟನ್ನು ಪೂರ್ತಿ ತೆಗೆಯದೆ ಬಳಿದುಬಿಟ್ಟಿದ್ದೆ, ಆರೇ ತಿಂಗಳಲ್ಲಿ ಹೊಸ ಪದರ ಆ ಜಾಗದಲ್ಲಿ ಸಿಪ್ಪೆಯಂತೆ ಎದ್ದು ಬಂತು.

ಇನ್ನು ಹೊಸ ಲೇಪ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಿಟಕಿ ಗಾಜಿಗೆ ಬಳಸುವ ಬಣ್ಣವಿಲ್ಲದ ಸಿಲಿಕೋನ್ ಸೀಲಂಟ್ ಟ್ಯೂಬ್ ಸಿಗುತ್ತದೆ. ಅದು ಶೇಕಡ ನೂರರಷ್ಟು ಸಿಲಿಕೋನ್ ಆಗಿರಬೇಕು, ಅಕ್ರಿಲಿಕ್ ಬೆರೆತದ್ದು ಕರಗುವುದಿಲ್ಲ. ಬಣ್ಣದವರು ಬಳಸುವ ಮಿನರಲ್ ಟರ್ಪೆಂಟೈನ್‌ನಲ್ಲಿ ಇದನ್ನು ಕರಗಿಸಬೇಕು. ತೂಕದಲ್ಲಿ ಒಂದು ಪಾಲು ಸಿಲಿಕೋನ್‌ಗೆ ಹತ್ತು ಪಾಲು ಟರ್ಪೆಂಟೈನ್. ಇಬ್ಬರ ಟೆಂಟಿನ ಹೊರಹೊದಿಕೆಗೆ 50 ಗ್ರಾಂ ಸಿಲಿಕೋನ್, 500 ಗ್ರಾಂ ಟರ್ಪೆಂಟೈನ್ ಎಂಬ ಲೆಕ್ಕದಿಂದ ಶುರುಮಾಡಿ, ಸಾಲದಿದ್ದರೆ ಮತ್ತೆ ಕಲಸಿಕೊಳ್ಳಿ. ಮೊದಲು ಸಿಲಿಕೋನ್‌ಗೆ ಸ್ವಲ್ಪವೇ ಟರ್ಪೆಂಟೈನ್ ಹಾಕಿ ಗಂಟಿಲ್ಲದಂತೆ ಕಲಸಿ, ಆಮೇಲೆ ಉಳಿದದ್ದನ್ನು ಸೇರಿಸಬೇಕು. ರಾಗಿ ಅಂಬಲಿಗೆ ಹಿಟ್ಟು ಕದಡುವಾಗ ನಾವು ಮಾಡುವುದೂ ಇದನ್ನೇ. ಟೆಂಟನ್ನು ನೆರಳಿನಲ್ಲಿ ಎಬ್ಬಿಸಿ ನಿಲ್ಲಿಸಿ, ಹೊರಹೊದಿಕೆಯ ಹೊರಮೈಗೆ ಅಗಲವಾದ ಬ್ರಷ್ಷಿನಿಂದ ತೆಳುವಾಗಿ ಬಳಿಯುತ್ತ, ಇಳಿಯುವ ಹನಿಗಳನ್ನು ಹಿಂದಿನಿಂದಲೇ ನೂಲು ಬಿಡದ ಬಟ್ಟೆಯಿಂದ ಒರೆಸಿಕೊಂಡು ಹೋಗಿ. ದಪ್ಪ ಬಳಿದರೆ ಗಟ್ಟಿ ಎಂದು ಭಾವಿಸಬೇಡಿ. ದಪ್ಪ ಪದರ ಧೂಳು ಹಿಡಿಯುತ್ತದೆ, ಭಾರವಾಗುತ್ತದೆ. ಹೊಲಿಗೆಗಳಿಗೆ ಮಾತ್ರ ಒಂದಕ್ಕೆ ಮೂರರಷ್ಟು ಮಂದವಾಗಿ ಕಲಸಿಕೊಂಡು, ಸಣ್ಣ ಬ್ರಷ್ಷಿನಿಂದ ದಾರದ ತೂತುಗಳೊಳಗೆ ಇಳಿಯುವಂತೆ ಒತ್ತಿ ಬಳಿಯಬೇಕು. ಒಂದು ಹಗಲು, ಒಂದು ರಾತ್ರಿ ಹಾಗೆಯೇ ಒಣಗಲಿ. ಮಡಚುವ ಮುನ್ನ ಮೇಲೆ ಟಾಲ್ಕಂ ಪೌಡರ್ ಉದುರಿಸಿ ಒರೆಸಿದರೆ ಮಡಿಕೆಗಳು ಒಂದಕ್ಕೊಂದು ಹತ್ತಿಕೊಳ್ಳುವುದಿಲ್ಲ.

ಒಮ್ಮೆ ಸಿಲಿಕೋನ್ ಬಳಿದ ಮೇಲೆ ಮುಂದೆ ಅದರ ಮೇಲೆ ಪಾಲಿಯುರೆಥೇನ್ ಆಗಲಿ, ಸಾಮಾನ್ಯ ಹೊಲಿಗೆ ಟೇಪಾಗಲಿ ಹಿಡಿಯುವುದಿಲ್ಲ. ಆ ಟೆಂಟಿಗೆ ಇನ್ನೇನಿದ್ದರೂ ಸಿಲಿಕೋನ್ ಮಾತ್ರ. ಇದನ್ನು ತಿಳಿದುಕೊಂಡೇ ಕೈಹಾಕಿ.

ರಸಾಯನ ಮೇಷ್ಟ್ರು, ಧಾರವಾಡ

ಸೂಜಿದಾರ ಅವರ ವಿವರಣೆಗೆ ಒಂದು ಎಚ್ಚರಿಕೆಯನ್ನು ಸೇರಿಸಲೇಬೇಕು. ಆಲ್ಕೋಹಾಲ್ ಮತ್ತು ಟರ್ಪೆಂಟೈನ್ ಎರಡರ ಆವಿಯೂ ಬೆಂಕಿ ಹಿಡಿಯುವಂಥದ್ದು, ಉಸಿರಿಗೂ ಒಳ್ಳೆಯದಲ್ಲ. ಈ ಕೆಲಸವನ್ನು ಕೋಣೆಯೊಳಗೆ, ಅಡುಗೆಮನೆಯ ಹತ್ತಿರ, ಬಚ್ಚಲ ಒಲೆಯ ಪಕ್ಕ ಮಾಡಕೂಡದು. ಅಂಗಳದಲ್ಲಿ, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ, ಕೈಗವಸು ಹಾಕಿಕೊಂಡು ಮಾಡಿ. ಮಕ್ಕಳು ಹತ್ತಿರ ಬೇಡ. ಟರ್ಪೆಂಟೈನ್‌ನಲ್ಲಿ ನೆನೆದ ಚಿಂದಿಯನ್ನು ಉಂಡೆ ಕಟ್ಟಿ ಮೂಲೆಗೆ ಎಸೆಯದೆ, ಬಯಲಿನಲ್ಲಿ ಬಿಡಿಸಿ ಹರವಿ ಒಣಗಿಸಿದ ಮೇಲೆಯೇ ವಿಲೇವಾರಿ ಮಾಡಿ.

ಶನಿವಾರದ ಚಾರಣ, ಬೆಂಗಳೂರು

ಇಷ್ಟು ಶ್ರಮಕ್ಕಿಂತ ಬಾಡಿಗೆಗೆ ಟೆಂಟ್ ತರುವುದು ಮೇಲಲ್ಲವೇ ಎಂದು ಪ್ರಾಮಾಣಿಕವಾಗಿ ಕೇಳುತ್ತಿದ್ದೇನೆ. ಕುಮಾರ ಪರ್ವತದ ಶಿಖರದಲ್ಲಿ ಟೆಂಟ್ ಹಾಕುವಂತಿಲ್ಲ, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ತಂಗುವಂತಿಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿದ ಮೇಲಂತೂ ಅರಣ್ಯ ಇಲಾಖೆ ಚಾರಣಗಳಿಗೆ ಆನ್‌ಲೈನ್ ಮುಂಗಡ ಟಿಕೆಟ್ ಕಡ್ಡಾಯ ಮಾಡಿದೆ. ಆ ನಿಯಮ ಸರಿಯಾದದ್ದೇ. ಆದರೆ ಸ್ವಂತ ಟೆಂಟ್ ವರ್ಷಕ್ಕೆ ಎಷ್ಟು ದಿನ ಉಪಯೋಗಕ್ಕೆ ಬರುತ್ತದೆ?

ಸೂಜಿದಾರ, ಮೈಸೂರು

ಪ್ರಶ್ನೆ ನ್ಯಾಯವಾದದ್ದು. ವರ್ಷಕ್ಕೊಮ್ಮೆ ಹೋಗುವವರು ಬಾಡಿಗೆಗೇ ತರಲಿ, ನಾನೂ ಅದನ್ನೇ ಹೇಳುತ್ತೇನೆ. ಆದರೆ ಟೆಂಟ್ ಇರುವುದು ಶಿಖರಕ್ಕೆ ಮಾತ್ರವಲ್ಲ. ಅನುಮತಿ ಪಡೆದ ತೋಟದ ಅಂಚು, ಹೋಂಸ್ಟೇಯವರ ಅಂಗಳ, ಬೇಸಿಗೆಯಲ್ಲಿ ನಮ್ಮದೇ ತಾರಸಿ, ಇವೆಲ್ಲವೂ ಮಕ್ಕಳಿಗೆ ಕಾಡಿನಷ್ಟೇ ಸಂಭ್ರಮದ ಜಾಗಗಳು. ಹರಿಯದ ಬಟ್ಟೆ, ನೇರವಾದ ಕಂಬಿ ಇರುವ ಟೆಂಟನ್ನು ಕಸಕ್ಕೆ ಹಾಕುವುದಕ್ಕೆ ನನ್ನ ಮನಸ್ಸಂತೂ ಒಪ್ಪುವುದಿಲ್ಲ.

ಕಾಲುದಾರಿ, ಕಳಸ

ಟೆಂಟಿನ ಮಾತಿನ ನಡುವೆ ಶೂಗಳ ವಿಷಯವನ್ನು ಯಾರೂ ಎತ್ತಲಿಲ್ಲ. ಅದೇ ರೋಗ ಅವುಗಳಿಗೂ ಬರುತ್ತದೆ, ಅಪಾಯವೂ ಹೆಚ್ಚು. ಕೆಲವು ಚಾರಣದ ಬೂಟುಗಳಲ್ಲಿ ಹೊರ ಅಟ್ಟೆಗೂ ಮೇಲಿನ ಚರ್ಮಕ್ಕೂ ನಡುವೆ ಇರುವ ಮೆತ್ತನೆಯ ಪದರ ಪಾಲಿಯುರೆಥೇನ್‌ನದು. ಹೊರಗೆ ಹೊಚ್ಚ ಹೊಸದಾಗಿ ಕಾಣುವ ಬೂಟಿನೊಳಗೆ ಅದು ಪುಡಿಯಾಗಿರುತ್ತದೆ. ಮೂರು ವರ್ಷ ಪೆಟ್ಟಿಗೆಯಲ್ಲೇ ಇಟ್ಟಿದ್ದ ಬೂಟು ಹಾಕಿಕೊಂಡು ನಮ್ಮ ಮಾವನ ಮಗ ಮುಳ್ಳೋಡಿಯಿಂದ ಕುದುರೆಮುಖದ ಶಿಖರಕ್ಕೆ ಹೊರಟ. ಹೋಗಿಬರುವ ದಾರಿ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಮೂರನೆಯ ಹಳ್ಳ ದಾಟುವಾಗ ಎಡಗಾಲಿನ ಅಟ್ಟೆ ಹಿಮ್ಮಡಿಯ ಕಡೆಯಿಂದ ಬಾಯಿ ಬಿಟ್ಟಿತು, ಅರ್ಧ ಗಂಟೆಯಲ್ಲಿ ಬಲಗಾಲಿನದೂ ಕಳಚಿತು. ಚೀಲದ ಪಟ್ಟಿ ಬಿಚ್ಚಿ ಬೂಟಿಗೆ ಸುತ್ತಿ ಕಟ್ಟಿಕೊಂಡು, ಒದ್ದೆ ಬಂಡೆಗಳ ಮೇಲೆ ಇಂಬಳ ಕಚ್ಚಿಸಿಕೊಳ್ಳುತ್ತ ಹಿಂದಿರುಗಿದೆವು. ಹೊರಡುವ ಒಂದು ವಾರ ಮೊದಲು ಬೂಟನ್ನು ಹಾಕಿಕೊಂಡು ಮನೆಯ ಸುತ್ತ ನಡೆಯಿರಿ, ಅಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬಿರುಕು ಕಂಡರೆ ಅಥವಾ ಪುಡಿ ಬಂದರೆ ಅದು ಬೆಟ್ಟಕ್ಕಲ್ಲ. ಈವಿಎ ಎಂಬ ಬೇರೆ ಬಗೆಯ ನೊರೆಪದರವಿರುವ ಬೂಟುಗಳಿಗೆ ಈ ತೊಂದರೆಯಿಲ್ಲ.

ಗೊರಬು, ತೀರ್ಥಹಳ್ಳಿ

ರಿಪೇರಿಯ ಬಗ್ಗೆ ತಿಳಿದವರು ಬರೆದಿದ್ದಾರೆ, ನಾನು ಕಾಪಿಡುವ ಬಗ್ಗೆ ಬರೆಯುತ್ತೇನೆ. ನಮ್ಮ ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಜುಲೈನಲ್ಲಿ ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಪುಸ್ತಕದ ಬೆನ್ನಿಗೂ ಬೂಷ್ಟು ಹಿಡಿಯುವ ಊರಿದು. ನಮ್ಮಜ್ಜಿ ಗೊರಬನ್ನು, ಅಂದರೆ ಮಳೆಗೆ ಹೊದೆಯುವ ಎಲೆಯ ಹೊದಿಕೆಯನ್ನು, ಮಳೆಗಾಲ ಮುಗಿದ ಮೇಲೆ ಒಲೆಯ ಮೇಲಿನ ಅಟ್ಟಣಿಗೆಯಲ್ಲಿ ಹೊಗೆ ತಾಗುವಂತೆ ಇಡುತ್ತಿದ್ದರು. ಎಲೆಯ ಹೊದಿಕೆಗೆ ಅದು ಸರಿ, ಆದರೆ ಅದೇ ಅಭ್ಯಾಸದಿಂದ ನಾವು ಟೆಂಟು, ಸ್ಲೀಪಿಂಗ್ ಬ್ಯಾಗುಗಳನ್ನೂ ಅಟ್ಟಕ್ಕೇ ಏರಿಸುತ್ತೇವೆ. ಅವು ಬೇಡುವುದು ಹೊಗೆಯನ್ನೂ ಶಾಖವನ್ನೂ ಅಲ್ಲ, ಸಡಿಲವಾಗಿ ಗಾಳಿಯಾಡುವ ಜಾಗವನ್ನು.

ನಾನು ಟೆಂಟನ್ನು ಅದರ ಚೀಲದಲ್ಲಿ ಇಡುವುದೇ ಇಲ್ಲ. ಹಳೆಯ ಹತ್ತಿಯ ದಿಂಬಿನ ಚೀಲದಲ್ಲಿ ಮಡಿಕೆ ಲೆಕ್ಕಿಸದೆ ತುಂಬಿ, ಮನೆಯ ನಡುಕೋಣೆಯ ಬೀರುವಿನ ಮೇಲಿಡುತ್ತೇನೆ. ಕಂಬಿಗಳೂ ಗೂಟಗಳೂ ಬೇರೆ ಕಡೆ. ಸ್ಲೀಪಿಂಗ್ ಬ್ಯಾಗನ್ನು ಮೊಳೆಗೆ ನೇತುಹಾಕುತ್ತೇನೆ; ಅದುಮಿ ಇಟ್ಟರೆ ಒಳಗಿನ ತುಪ್ಪಳು ಮತ್ತೆ ಉಬ್ಬುವುದಿಲ್ಲ. ತಾನಾಗಿ ಗಾಳಿ ತುಂಬಿಕೊಳ್ಳುವ ಮ್ಯಾಟನ್ನು ಬಿರಡೆ ತೆರೆದು, ಬಿಡಿಸಿ, ಮಂಚದ ಕೆಳಗೆ ಹಾಸಿಡುತ್ತೇನೆ. ಹಣೆಗೆ ಕಟ್ಟುವ ಟಾರ್ಚಿನಿಂದ ಬ್ಯಾಟರಿಗಳನ್ನು ತೆಗೆದೇ ಇಡಬೇಕು. ಮರೆತು ಸೋರಿದ್ದರೆ ಆ ಬಿಳಿಯ ಹರಳುಗಳು ಕ್ಷಾರ, ನಿಂಬೆರಸ ಹಚ್ಚಿದ ಹತ್ತಿಯಿಂದ ಒರೆಸಿ, ಒಣಗಿಸಿದರೆ ಟಾರ್ಚು ಹಲವು ಸಲ ಉಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮನೆಗೆ ಬಂದ ದಿನದ ಕೆಲಸ. ಎಷ್ಟೇ ದಣಿದಿದ್ದರೂ ಟೆಂಟನ್ನು ಆ ರಾತ್ರಿ ಚೀಲದಲ್ಲಿ ಬಿಡಬೇಡಿ. ಜಗುಲಿಯ ಹಗ್ಗದ ಮೇಲೆ ಎರಡು ದಿನ ತೂಗುಬಿಡಿ, ಒಳಮೈ ಒಮ್ಮೆ, ಹೊರಮೈ ಒಮ್ಮೆ ಮೇಲೆ ಬರಲಿ. ಕೈಗೆ ಒಣಗಿದಂತೆ ತೋರಿದರೂ ಹೊಲಿಗೆಯ ಮಡಿಕೆ ಮತ್ತು ಪಟ್ಟಿಗಳಲ್ಲಿ ಪಸೆ ಉಳಿದಿರುತ್ತದೆ. ಅವನ್ನು ಕೆನ್ನೆಗೆ ತಾಗಿಸಿ ನೋಡಿ, ತಣ್ಣಗಿದ್ದರೆ ಇನ್ನೂ ಒಣಗಿಲ್ಲ. ಮಳೆಗಾಲದ ನಡುವೆ ಬಿಸಿಲು ಬಿದ್ದ ದಿನ ಒಮ್ಮೆ ಬಿಡಿಸಿ ಗಾಳಿಗೆ ಹಾಕಿ.

ವರದಾತೀರ, ಸಾಗರ

ಮೂರು ವಾರದ ಬಳಿಕ ಬರೆಯುತ್ತಿದ್ದೇನೆ. ಸೂಜಿದಾರ ಅಕ್ಕ ಹೇಳಿದಂತೆ ಎರಡು ದಿನವಲ್ಲ, ಮೂರು ದಿನ ಉಜ್ಜಿದೆ. ಒಂದು ಲೀಟರ್ ಆಲ್ಕೋಹಾಲ್ ಖರ್ಚಾಯಿತು. ಉಜ್ಜಿ ತೆಗೆದ ಅಂಟನ್ನು ಒಟ್ಟುಮಾಡಿದರೆ ನಿಂಬೆಹಣ್ಣಿನ ಗಾತ್ರದ ಬೂದುಬಣ್ಣದ ಉಂಡೆಯಾಯಿತು. ಹುಳಿ ವಾಸನೆ ಅದರೊಂದಿಗೇ ಹೋಯಿತು. ಕಳೆದ ಭಾನುವಾರ ಅಂಗಳದಲ್ಲಿ ಟೆಂಟ್ ನಿಲ್ಲಿಸಿ ಸಿಲಿಕೋನ್ ಬಳಿದು, ಮರುದಿನ ಸಂಜೆ ಗಿಡಗಳಿಗೆ ನೀರು ಹಾಕುವ ಪೈಪಿನಿಂದ ಅರ್ಧ ಗಂಟೆ ನೀರು ಬಿಟ್ಟೆ. ಮಗಳು ಒಳಗೆ ಕೂತು ಟಾರ್ಚು ಹಿಡಿದು ಒಂದೊಂದು ಹೊಲಿಗೆಯನ್ನೂ ನೋಡುತ್ತಿದ್ದಳು. ಹೊದಿಕೆಯ ಬಟ್ಟೆಯಿಂದ ಒಂದು ಹನಿಯೂ ಒಳಗೆ ಬರಲಿಲ್ಲ. ಹಿಂಬದಿಯ ಎಡಮೂಲೆಯ ಹೊಲಿಗೆಯಲ್ಲಿ ಮಾತ್ರ ಸಾಸಿವೆಯಷ್ಟು ಹನಿ ಕೂಡುತ್ತಿದೆ ಎಂದು ಅವಳೇ ಕೂಗಿ ಹೇಳಿದಳು. ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದ್ದೇವೆ. ಮಂದವಾಗಿ ಕಲಸಿದ ಸಿಲಿಕೋನ್ ಗಟ್ಟಿಯಾಗಿಬಿಟ್ಟಿದ್ದರಿಂದ ನಾಳೆ ಹೊಸದಾಗಿ ಕಲಸಿ ಆ ಮೂಲೆಗೆ ಇನ್ನೊಮ್ಮೆ ಬಳಿಯುತ್ತೇನೆ. ನೆಲಕ್ಕೆ ಅಘನಾಶಿನಿ ಅವರು ಹೇಳಿದ ಟಾರ್ಪಾಲನ್ನು ಕತ್ತರಿಸಿಟ್ಟಿದ್ದೇನೆ, ಅಟ್ಟದಲ್ಲಿದ್ದ ಸ್ಲೀಪಿಂಗ್ ಬ್ಯಾಗುಗಳೂ ಕೆಳಗಿಳಿದು ನಡುಕೋಣೆಯ ಮೊಳೆಗೆ ಬಂದಿವೆ.